ಚರ್ಚಿನ ಪ್ರಿಂಟರಿಗೆ ಅಡುಗೆಮನೆಯ ಲೆಕ್ಕ

ಹನಿಗೂಡಿದರೆ ಹಳ್ಳ ಎಂಬ ಮಾತು ನಮಗೆಲ್ಲ ಗೊತ್ತು. ಆದರೆ ತುಂಬಿದ ಹಳ್ಳ ಬತ್ತುವುದೂ ಹನಿ ಹನಿಯಾಗಿಯೇ ಎಂಬುದನ್ನು ಮನೆ ನಡೆಸುವ ಹೆಂಗಸಿಗಿಂತ ಚೆನ್ನಾಗಿ ಬಲ್ಲವರು ಯಾರು? ಸೋರುವ ನಲ್ಲಿ, ಹಗಲಲ್ಲೂ ಉರಿಯುವ ದೀಪ, ತೊಟ್ಟಿಕ್ಕುವ ಎಣ್ಣೆ ಡಬ್ಬ, ಒಂದೊಂದೂ ಕಾಸಿನ ಬಾಬ್ತು. ತಿಂಗಳ ಕೊನೆಗೆ ಕೂಡಿಸಿ ನೋಡಿದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಚರ್ಚಿನ ಕಚೇರಿಯ ಮೂಲೆಯಲ್ಲಿ ಕುಳಿತಿರುವ ಪ್ರಿಂಟರ್ ಕೂಡ ಅಂಥದೇ ಒಂದು ಸೋರುವ ನಲ್ಲಿ. ಭಾನುವಾರದ ಆರಾಧನೆಯ ಹಾಳೆ, ಸಂಡೇ ಸ್ಕೂಲಿನ ಮಕ್ಕಳ ಪಾಠ, ಗಾಯಕವೃಂದದ ಹಾಡುಗಳು, ಸ್ತ್ರೀಯರ ಅನ್ಯೋನ್ಯಕೂಟದ ಸುತ್ತೋಲೆ, ಮದುವೆಯ ಕ್ರಮ, ಮರಣಾರಾಧನೆಯ ಕ್ರಮ, ಬೆಳೆ ಹಬ್ಬದ ಪಟ್ಟಿ, ಕ್ರಿಸ್ಮಸ್ ಕಾರ್ಯಕ್ರಮ, ಹೀಗೆ ವರ್ಷವಿಡೀ ಅದಕ್ಕೆ ಬಿಡುವಿಲ್ಲ. ಒತ್ತಿದರಾಯಿತು, ಹಾಳೆ ಬರುತ್ತದೆ. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಯಾರೂ ಕೇಳುವುದಿಲ್ಲ. ಯಂತ್ರ ಮುಷ್ಕರ ಹೂಡಿದ ದಿನ ಮಾತ್ರ ಎಲ್ಲರೂ ಓಡಿ ಬರುತ್ತಾರೆ. ಆ ದಿನ ಬಹುತೇಕ ಶನಿವಾರ ಸಂಜೆಯೇ ಆಗಿರುತ್ತದೆ ಅನ್ನುವುದು ಬೇರೆ ಮಾತು!

ಈ ಹಣ ಎಲ್ಲಿಂದ ಬಂದದ್ದು? ಕಾಣಿಕೆಯ ಚೀಲದಿಂದ. ಅದರಲ್ಲಿ ದೊಡ್ಡ ಸಂಬಳದವರ ನೋಟೂ ಇದೆ, ಬೀಡಿ ಕಟ್ಟಿ ಬದುಕುವ ತಾಯಿ ಹಾಕಿದ ನಾಣ್ಯವೂ ಇದೆ. ಬೈಬಲಿನ ಬಡ ವಿಧವೆಯ ಎರಡು ಕಾಸಿನ ಕತೆ ಗೊತ್ತಿರುವ ನಾವು, ಆ ಕಾಸು ಮಸಿಯಾಗಿ ಸೋರಿಹೋಗದಂತೆ ನೋಡಿಕೊಳ್ಳಬೇಡವೇ?

ಹಾಳೆಯೇ ಬೇಡ ಎಂದರು

ನಮ್ಮದು ಕರಾವಳಿಯ ಸಣ್ಣ ಊರಿನ ಸಭೆ, ನೂರಹತ್ತು ಕುಟುಂಬಗಳು. 2020ರ ಲಾಕ್‌ಡೌನ್ ಕಾಲದಲ್ಲಿ ಚರ್ಚಿನ ಬಾಗಿಲು ಮುಚ್ಚಿದಾಗ ಆರಾಧನೆಯ ಹಾಳೆ ಫೋನಿನಲ್ಲಿ ಬರತೊಡಗಿತು. ಬಾಗಿಲು ತೆರೆದ ಮೇಲೆ ಕಾಗದದ ಹಾಳೆಯೂ ಮತ್ತೆ ಶುರುವಾಯಿತು. ಕಳೆದ ವರ್ಷದ ವಾರ್ಷಿಕ ಸಭೆಯಲ್ಲಿ ಖಜಾಂಚಿಯವರು ಎದ್ದು ನಿಂತು, "ಕಾಗದ, ಟೋನರು, ರಿಪೇರಿ ಅಂತ ಕೈ ಕಚ್ಚುತ್ತಾ ಇದೆ. ಎಲ್ಲರ ಕೈಯಲ್ಲೂ ಫೋನು ಉಂಟಲ್ಲ, ಹಾಳೆ ನಿಲ್ಲಿಸಿಬಿಡುವ" ಎಂದರು. ಹಲವರು ತಲೆಯಾಡಿಸಿದರು.

ಎಲ್ಲರ ಕೈಯಲ್ಲೂ ಫೋನು ಇದೆಯೆ? ಹಿಂದಿನ ಬೆಂಚಿನಲ್ಲಿ ಕೂರುವ ಎಪ್ಪತ್ತು ದಾಟಿದ ಒಬ್ಬ ಅಮ್ಮ ಸಭೆ ಮುಗಿದ ಮೇಲೆ ನನ್ನ ಕೈ ಹಿಡಿದು ಹೇಳಿದರು: "ನನಗೆ ಫೋನು ಯಾಕಮ್ಮಾ? ಆ ಹಾಳೆ ಒಂದಿದ್ದರೆ ಸಾಕು. ಮನೆಗೆ ತಕೊಂಡು ಹೋಗಿ ಅವರಿಗೆ ಓದಿ ಹೇಳ್ತೇನೆ." ಅವರ ಯಜಮಾನರು ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಆ ಮನೆಗೆ ವಾರಕ್ಕೊಮ್ಮೆ ಹೋಗುವ ಆರಾಧನೆಯೆಂದರೆ ಆ ಒಂದು ಹಾಳೆ.

ಖಜಾಂಚಿಯವರ ಲೆಕ್ಕ ಸುಳ್ಳಲ್ಲ, ಅಮ್ಮನ ಮಾತೂ ಸುಳ್ಳಲ್ಲ. ನಮ್ಮ ಅನ್ಯೋನ್ಯಕೂಟದವರು ಸಭಾಪಾಲಕರ ಬಳಿ ಹೋಗಿ, "ಅಯ್ಯನವರೇ, ಮೂರು ತಿಂಗಳು ಅವಕಾಶ ಕೊಡಿ, ಈ ಲೆಕ್ಕ ನಾವು ನೋಡ್ತೇವೆ" ಎಂದು ಕೇಳಿಕೊಂಡೆವು. ನಮ್ಮಲ್ಲಿ ಕಂಪ್ಯೂಟರ್ ಕಲಿತವರು ಒಬ್ಬಿಬ್ಬರು ಮಾತ್ರ. ಆದರೆ ದಿನಸಿ ಚೀಟಿ ಬರೆಯದವರು ಒಬ್ಬರೂ ಇಲ್ಲ!

ಹಳೆಯ ನಂಟು

ಕನ್ನಡದ ಅಚ್ಚಿಗೂ ಚರ್ಚಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ 1841ರಲ್ಲಿಯೇ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೆರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ಬೆಳಕು ಕಂಡದ್ದು ಅಲ್ಲಿಂದಲೇ. ಫರ್ಡಿನಂಡ್ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದೂ ಮಂಗಳೂರಿನ ಮಿಶನ್ ಮುದ್ರಣಾಲಯದಿಂದಲೇ.

ಅಷ್ಟು ದೂರ ಯಾಕೆ, ನಾವು ಚಿಕ್ಕವರಿದ್ದಾಗ ಸೈಕ್ಲೋಸ್ಟೈಲ್ ಯಂತ್ರ ಇತ್ತಲ್ಲ? ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಅಕ್ಷರ ಕೊರೆದು, ಮಸಿಯ ಉರುಳೆಗೆ ಸುತ್ತಿ, ಕೈಯಿಂದ ತಿರುಗಿಸಬೇಕಾಗಿತ್ತು. ಕೈಯೆಲ್ಲ ಕಪ್ಪಾಗುತ್ತಿತ್ತು. ಆದರೆ ಒಂದು ಗುಣವಿತ್ತು. ಸ್ಟೆನ್ಸಿಲ್ ಕೊರೆಯುವುದು ಕಷ್ಟವಾದ್ದರಿಂದ, ಎಷ್ಟು ಪ್ರತಿ ಬೇಕೆಂದು ಮೊದಲೇ ಎಣಿಸಿಕೊಂಡು ಕೂರುತ್ತಿದ್ದರು. ಈಗಿನ ಯಂತ್ರದಲ್ಲಿ ಶ್ರಮವಿಲ್ಲ, ಎಣಿಕೆಯೂ ಇಲ್ಲ.

ಮೊದಲು ಒಂದು ನೋಟ್‌ಬುಕ್

ಪ್ರಿಂಟರಿನ ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್ಕು, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಇದು ನಮ್ಮ ಮೊದಲ ಖರ್ಚು. ತಾರೀಖು, ಏನು ಅಚ್ಚಾಯಿತು, ಎಷ್ಟು ಪುಟ, ಹಾಳಾದದ್ದೆಷ್ಟು, ಯಾರಿಗಾಗಿ, ಇಷ್ಟೇ ಐದು ಮನೆ. ಸ್ವಂತ ಕೆಲಸಕ್ಕೆ ಟಿಕೆಟ್ಟು, ಆಧಾರ್ ಪ್ರತಿ ತೆಗೆಯುವವರು ಪಕ್ಕದ ಡಬ್ಬಿಗೆ ಪುಟಕ್ಕಿಷ್ಟು ಎಂದು ಹಾಕಬೇಕು. ಬೈಯಬೇಕಾಗಲಿಲ್ಲ, ಕಾವಲಿಡಬೇಕಾಗಲಿಲ್ಲ. ಬರೆಯಬೇಕು ಎಂದಾದಾಗ ಅರ್ಧ ದುಂದು ತಾನಾಗಿ ನಿಂತಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಬೆಂಚಿನಲ್ಲಿ ಉಳಿದ ಹಾಳೆಗಳನ್ನೂ ಎಣಿಸಿದೆವು. 160 ಪ್ರತಿಗಳಲ್ಲಿ ಪ್ರತಿ ವಾರ ನಲವತ್ತೈದು, ಐವತ್ತು ಪ್ರತಿ ಹಾಗೆಯೇ ಬಿದ್ದಿರುತ್ತಿದ್ದವು. ಅನ್ನ ಚೆಲ್ಲಿದರೆ ಕಣ್ಣಿಗೆ ಕಾಣುತ್ತದೆ, ಕಾಗದ ಚೆಲ್ಲಿದರೆ ಯಾಕೋ ಕಾಣುವುದಿಲ್ಲ.

ಹಸು ಅಗ್ಗ, ಹಿಂಡಿ ತುಟ್ಟಿ

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಪ್ರಿಂಟರಿನ ಬೆಲೆ. ಕೇಳಬೇಕಾದದ್ದು ಪುಟದ ಬೆಲೆ. ಹಸು ಅಗ್ಗಕ್ಕೆ ಸಿಕ್ಕಿತೆಂದು ತಂದು, ಹಿಂಡಿ ಹುಲ್ಲಿಗೆ ಬಳೆ ಅಡವಿಟ್ಟ ಹಾಗಾಗಬಾರದು ನೋಡಿ.

ಲೆಕ್ಕ ಬಹಳ ಸುಲಭ. ಮಸಿಯ ಬೆಲೆಯನ್ನು ಅದರಿಂದ ಬರುವ ಪುಟಗಳಿಂದ ಭಾಗಿಸಿ. ತಿಳಿಯಲೆಂದು ಕೆಲವು ಅಂಕಿ ಹಾಕುತ್ತೇನೆ, ನಿಮ್ಮ ಊರಿನ ಬೆಲೆ ನೀವು ಹಾಕಿಕೊಳ್ಳಿ. ಒಂದು ಸಣ್ಣ ಶಾಯಿ ಕಾರ್ಟ್ರಿಜ್‌ಗೆ 1,000 ರೂಪಾಯಿ, 200 ಪುಟ ಬರುತ್ತದೆ ಎನ್ನಿ. ಪುಟಕ್ಕೆ 5 ರೂಪಾಯಿ ಬಿತ್ತು. ಲೇಸರ್ ಪ್ರಿಂಟರಿನ ಟೋನರಿಗೆ 4,000 ರೂಪಾಯಿ, 2,000 ಪುಟ ಎನ್ನಿ. ಪುಟಕ್ಕೆ 2 ರೂಪಾಯಿ. ಬಾಟಲಿಯಿಂದ ಶಾಯಿ ಸುರಿಯುವ ಇಂಕ್ ಟ್ಯಾಂಕ್ ಯಂತ್ರದ ಬಾಟಲಿಗೆ 400 ರೂಪಾಯಿ, 4,000 ಪುಟ ಎನ್ನಿ. ಪುಟಕ್ಕೆ 10 ಪೈಸೆ! ಮೊದಲನೆಯ ಯಂತ್ರ ಕೊಳ್ಳುವಾಗ ಎಲ್ಲಕ್ಕಿಂತ ಅಗ್ಗ, ಸಾಕುವಾಗ ಎಲ್ಲಕ್ಕಿಂತ ತುಟ್ಟಿ.

ಡಬ್ಬದ ಮೇಲೆ ಬರೆದ ಪುಟದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಲೇಸರ್ ಟೋನರಿನ ಆ ಸಂಖ್ಯೆ ಹಾಳೆಯ ನೂರರಲ್ಲಿ ಐದು ಪಾಲಿನಷ್ಟು ಜಾಗಕ್ಕೆ ಮಾತ್ರ ಮಸಿ ಬೀಳುತ್ತದೆ ಎಂಬ ಲೆಕ್ಕದ್ದು. ದಪ್ಪ ತಲೆಬರಹ, ಕಪ್ಪು ಪಟ್ಟಿ, ಒಂದು ಫೋಟೋ ಸೇರಿದರೆ ಪುಟಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ನಮ್ಮ ಹಾಳೆಯ ತಲೆಯ ಮೇಲೆ ಚರ್ಚಿನ ಕಪ್ಪು ಚಿತ್ರವೊಂದು ವಾರ ವಾರ ಮಸಿ ಕುಡಿಯುತ್ತಿತ್ತು. ಅದನ್ನು ತೆಗೆದು ಗೆರೆಯ ಸಣ್ಣ ಶಿಲುಬೆ ಹಾಕಿದೆವು. ಅಂದವೇನೂ ಕೆಡಲಿಲ್ಲ.

ಹಾಗಾದರೆ ಯಾವ ಯಂತ್ರ ಒಳ್ಳೆಯದು? ಕಪ್ಪಕ್ಷರವೇ ಹೆಚ್ಚಾಗಿದ್ದು, ಕೆಲವು ದಿನ ಸುಮ್ಮನೆ ಇಡುವುದಾದರೆ ಲೇಸರ್ ಒಳ್ಳೆಯದು. ಅದರ ಮಸಿ ಒಣ ಪುಡಿ, ಒಣಗಿ ಕಟ್ಟಿಕೊಳ್ಳುವ ಭಯವಿಲ್ಲ. ಪ್ರತಿ ವಾರ ತಪ್ಪದೆ ಅಚ್ಚು ಹಾಕುವವರಿಗೆ ಇಂಕ್ ಟ್ಯಾಂಕ್ ಅಗ್ಗ. ಒಮ್ಮೆಗೇ ಐದು ನೂರು, ಸಾವಿರ ಪ್ರತಿ ಬೇಕಾದ ಕ್ರಿಸ್ಮಸ್ ಕಾರ್ಯಕ್ರಮದಂಥದ್ದಕ್ಕೆ ಕಚೇರಿಯ ಯಂತ್ರವನ್ನು ದಣಿಸದೆ ಪ್ರೆಸ್ಸಿಗೇ ಕೊಡುವುದು ಮೇಲು. ಎರಡು ಮೂರು ಕಡೆ ದರ ಕೇಳಿ.

ಮಡಚಿದರೆ ಉಳಿತಾಯ

ನಮ್ಮ ಹಾಳೆ ಎರಡು ಎ4 ಕಾಗದ, ಒಂದೇ ಬದಿಯಲ್ಲಿ ಅಚ್ಚು, ಮೂಲೆಗೊಂದು ಪಿನ್ನು. ವಾರಕ್ಕೆ 160 ಪ್ರತಿ ಎಂದರೆ 320 ಕಾಗದ. ವರ್ಷದ 52 ವಾರಕ್ಕೆ 16,640 ಕಾಗದ, ಅಂದರೆ ಮೂವತ್ತಮೂರು ರೀಮಿಗೂ ಹೆಚ್ಚು.

ನಾವು ಮಾಡಿದ್ದಿಷ್ಟೆ. ಒಂದೇ ಎ4 ಕಾಗದವನ್ನು ಎರಡೂ ಬದಿ ಅಚ್ಚು ಹಾಕಿ ನಡುವೆ ಮಡಚಿದೆವು. ನಾಲ್ಕು ಪುಟದ ಪುಟ್ಟ ಪುಸ್ತಕವಾಯಿತು. ಅಕ್ಷರ ಒಂದಿಷ್ಟೂ ಚಿಕ್ಕದಾಗಲಿಲ್ಲ, ಏಕೆಂದರೆ ಎರಡು ಬದಿಯ ಜಾಗ ಮೊದಲೂ ಅಷ್ಟೇ, ಈಗಲೂ ಅಷ್ಟೇ. ಫೋನಿನಲ್ಲೇ ಓದುವವರ ಹೆಸರು ಕೇಳಿ ಬರೆದುಕೊಂಡೆವು. ಪ್ರತಿ 70ಕ್ಕೆ ಇಳಿಯಿತು.

ಉಳಿದದ್ದರಲ್ಲಿ ಹಿರಿಯರಿಗೆ ದೊಡ್ಡಕ್ಷರದ 20 ಪ್ರತಿ ಬೇರೆಯೇ ತೆಗೆದೆವು. 14ರ ಅಳತೆಯ ಅಕ್ಷರ 20 ಆಯಿತು, ಎರಡು ಕಾಗದ, ಎರಡೂ ಬದಿ. ಕನ್ನಡದ ಒತ್ತಕ್ಷರ ಚಿಕ್ಕದಾದರೆ ವಯಸ್ಸಾದವರ ಕಣ್ಣಿಗೆ ಬರೀ ಚುಕ್ಕಿ. ಉಳಿತಾಯದ ಹೆಸರಿನಲ್ಲಿ ಅಕ್ಷರ ಕಿರಿದು ಮಾಡುವುದು ಎಂದರೆ ಉಪ್ಪು ಉಳಿಸಲು ಹೋಗಿ ಸಾರು ಚೆಲ್ಲಿದಂತೆ. ಓದಲಾಗದ ಹಾಳೆ ಎಷ್ಟು ಅಗ್ಗವಾದರೇನು, ಅದು ಪೂರ್ತಿ ನಷ್ಟವೇ.

ಈಗ ಕೂಡಿಸಿ ನೋಡಿ. 70 ಕಾಗದ, ದೊಡ್ಡಕ್ಷರಕ್ಕೆ 40, ಒಟ್ಟು ವಾರಕ್ಕೆ 110. ವರ್ಷಕ್ಕೆ 5,720 ಕಾಗದ, ಹನ್ನೊಂದೂವರೆ ರೀಮು. ಇಪ್ಪತ್ತೊಂದು ರೀಮಿಗೂ ಹೆಚ್ಚು ಉಳಿಯಿತು. ಅಚ್ಚಿನ ಬದಿಗಳು ವಾರಕ್ಕೆ 320 ಇದ್ದದ್ದು 220 ಆಯಿತು, ಮಸಿಯ ಮೂರನೇ ಒಂದು ಪಾಲು ಅಲ್ಲೇ ಉಳಿಯಿತು. ಹಾಳೆ ನಿಲ್ಲಲಿಲ್ಲ, ಹಿರಿಯರಿಗೆ ಮೊದಲಿಗಿಂತ ದೊಡ್ಡಕ್ಷರವೇ ಸಿಕ್ಕಿತು!

ಕಾಗದವೂ ಹಪ್ಪಳವೂ ಒಂದೇ

ಇನ್ನು ಯಂತ್ರದ ರಗಳೆಗೆ ಬರೋಣ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುವುದಕ್ಕೆ ನಮ್ಮ ಕಡೆ ಮುಖ್ಯ ಕಾರಣ ಮಳೆಗಾಲ. ಕಾಗದ ತೇವ ಹೀರಿ ಸುರುಳಿಯಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಹಪ್ಪಳವನ್ನು ಹೇಗೆ ಇಡುತ್ತೀರೋ ಕಾಗದವನ್ನೂ ಹಾಗೆಯೇ ಇಡಿ. ರೀಮಿನ ಹೊದಿಕೆ ಬಿಚ್ಚಬೇಡಿ. ಬಿಚ್ಚಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ನೆಲದ ಮೇಲೆ, ಗೋಡೆಗೆ ತಾಗಿಸಿ ಬೇಡ. ಯಂತ್ರದ ತಟ್ಟೆಗೆ ಆ ದಿನಕ್ಕೆ ಬೇಕಾದಷ್ಟೇ ಹಾಕಿ, ಹಾಕುವ ಮುಂಚೆ ಇಸ್ಪೀಟು ಎಲೆಯಂತೆ ಒಮ್ಮೆ ಬಿಡಿಸಿಕೊಳ್ಳಿ.

ಕೊಳ್ಳುವಾಗ ತಕ್ಕಡಿ ನೆನಪಿರಲಿ. 500 ಹಾಳೆಯ ಎ4 ರೀಮು 70 ಜಿಎಸ್‌ಎಂ ಆದರೆ ಸುಮಾರು 2 ಕಿಲೋ 180 ಗ್ರಾಂ, 75 ಆದರೆ 2 ಕಿಲೋ 340 ಗ್ರಾಂ, 80 ಆದರೆ ಎರಡೂವರೆ ಕಿಲೋ ತೂಗಬೇಕು. ತೂಕ ತೀರ ಕಡಿಮೆಯಿದ್ದರೆ ಹಾಳೆ ತೆಳ್ಳಗಿದೆ, ಇಲ್ಲವೇ ಎಣಿಕೆ ಕಡಿಮೆಯಿದೆ. ತೆಳ್ಳಗಿನ ಕಾಗದದಲ್ಲಿ ಎರಡು ಬದಿ ಅಚ್ಚು ಹಾಕಿದರೆ ಆ ಬದಿಯ ಅಕ್ಷರ ಈ ಬದಿಗೆ ಕಾಣುತ್ತದೆ.

ಒಂದು ಬದಿ ಬಳಸಿದ ಕಾಗದ ಕರಡು ತೆಗೆಯಲು, ಮಕ್ಕಳು ಚಿತ್ರ ಬರೆಯಲು ಆಗುತ್ತದೆ. ಆದರೆ ಸುಕ್ಕಾದದ್ದು, ಪಿನ್ನು ಚುಚ್ಚಿದ್ದು ಯಂತ್ರಕ್ಕೆ ಬೇಡ. ಜನರ ವಿಳಾಸ, ಕಾಣಿಕೆಯ ಲೆಕ್ಕ ಇರುವ ಕಾಗದವನ್ನು ಹರಿದೇ ಹಾಕಿ.

ರೋಗ ಮತ್ತು ಮನೆಮದ್ದು

ಕಾಗದ ಸಿಕ್ಕಿಕೊಂಡರೆ: ಮೊದಲು ಸ್ವಿಚ್ಚು ಆರಿಸಿ. ಲೇಸರ್ ಯಂತ್ರದೊಳಗೆ ಮಸಿಯನ್ನು ಕಾಗದಕ್ಕೆ ಬೇಯಿಸಿ ಹಿಡಿಸುವ ಭಾಗ ಸುಮಾರು 200 ಡಿಗ್ರಿ ಕಾದಿರುತ್ತದೆ, ಆರಲು ಬಿಡಿ. ಬಳಿಕ ಎರಡೂ ಕೈಯಿಂದ, ಕಾಗದ ಸಾಗುವ ದಿಕ್ಕಿಗೇ ಮೆಲ್ಲಗೆ ಎಳೆಯಿರಿ. ಹರಿದರೆ ಚೂರನ್ನು ಹುಡುಕಿ ತೆಗೆಯಲೇಬೇಕು.

ಕಾಗದ ಎಳೆಯದೆ ಗುರುಗುರು ಎನ್ನುತ್ತಿದ್ದರೆ: ಕಾಗದ ಎಳೆಯುವ ರಬ್ಬರ್ ಉರುಳೆಗೆ ಧೂಳು ಹಿಡಿದಿರುತ್ತದೆ. ನಾರು ಬಿಡದ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಒರೆಸಿ, ಒಣಗಲು ಬಿಡಿ.

ಅಕ್ಷರ ಮಸುಕಾದರೆ: ಟೋನರ್ ಮುಗಿಯಿತೆಂದು ಎಸೆಯಬೇಡಿ. ಕಾರ್ಟ್ರಿಜ್ ತೆಗೆದು ಜರಡಿ ಹಿಡಿದಂತೆ ಅತ್ತಿತ್ತ ಐದಾರು ಸಲ ಮೆಲ್ಲಗೆ ತೂಗಿ ಹಾಕಿ. ಇನ್ನೂ ಕೆಲವು ಪುಟ ಖಂಡಿತ ಬರುತ್ತದೆ. ಅದನ್ನು ಬಿಸಿಲಿಗೆ ಮಾತ್ರ ಹಿಡಿಯಬೇಡಿ, ಒಳಗಿನ ಡ್ರಮ್ಮಿಗೆ ಬೆಳಕು ಆಗದು.

ಸಮಾನ ಅಂತರದಲ್ಲಿ ಅದೇ ಕಪ್ಪು ಚುಕ್ಕಿ ಮರಳಿ ಮರಳಿ ಬಂದರೆ: ಒಳಗಿನ ಯಾವುದೋ ಉರುಳೆ ಅಥವಾ ಡ್ರಮ್ಮಿನಲ್ಲಿ ಗೀರು, ಕೊಳೆ ಇದೆ ಎಂದರ್ಥ. ಆ ಹಾಳೆಯನ್ನೇ ರಿಪೇರಿಯವರಿಗೆ ತೋರಿಸಿ.

ಟೋನರ್ ಪುಡಿ ಚೆಲ್ಲಿದರೆ: ಊದಬೇಡಿ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಸೀರೆಗೆ ಬಿದ್ದರೆ ಕೊಡವಿ ತಣ್ಣೀರಿನಲ್ಲೇ ತೊಳೆಯಿರಿ. ಬಿಸಿನೀರು ತಾಗಿದರೆ ಅದು ಕರಗಿ ನೂಲಿಗೆ ಕಚ್ಚುತ್ತದೆ.

ಶಾಯಿಯ ಯಂತ್ರದಲ್ಲಿ ಗೆರೆ ಬಿಟ್ಟು ಬಂದರೆ: ಶಾಯಿ ಒಣಗಿ ಸೂಕ್ಷ್ಮ ರಂಧ್ರ ಕಟ್ಟಿರುತ್ತದೆ. ಹೆಡ್ ಕ್ಲೀನಿಂಗ್ ಒಂದೆರಡು ಬಾರಿ ಮಾಡಿ, ಮೇಲಿಂದ ಮೇಲೆ ಬೇಡ, ಪ್ರತಿ ಸಲವೂ ಶಾಯಿ ಖರ್ಚಾಗುತ್ತದೆ. ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿದ್ದರೆ ಈ ರೋಗವೇ ಬಾರದು.

ಕರೆಂಟಿನ ವಿಚಾರ: ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸೇರಿಸಬೇಡಿ. ಕಾಯುವಾಗ ಅದು ಎಳೆಯುವ ವಿದ್ಯುತ್ತು ಯುಪಿಎಸ್ ತಾಳದು. ನೇರ ಗೋಡೆಯ ಪ್ಲಗ್ಗಿಗೆ ಹಾಕಿ.

ಅಕ್ಷರ ಅಯೋಮಯವಾದರೆ: ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ್ದು, ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಗೀಜು ಗೀಜಾಗಿ ಬರುತ್ತದೆ. ಯೂನಿಕೋಡಿನಲ್ಲಿ ಟೈಪು ಮಾಡಿಸಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಲು ಹೇಳಿ. ಯಾವುದೇ ಆಗಲಿ, ಒಂದು ಪ್ರತಿ ತೆಗೆದು ಇಬ್ಬರು ಓದಿ ನೋಡದೆ ಉಳಿದದ್ದಕ್ಕೆ ಒತ್ತಬೇಡಿ. ಅನ್ನದ ಒಂದು ಅಗುಳು ಹಿಸುಕಿ ನೋಡಿದ ಹಾಗೆ.

ರಿಪೇರಿಗೆ ಕೊಡುವಾಗ

ಒಮ್ಮೆ ನಮ್ಮ ಯಂತ್ರ ಪ್ರತಿ ಹಾಳೆಯನ್ನೂ ಅಗಿದು ಉಗುಳತೊಡಗಿತು. ನೋಡಿದ ರಿಪೇರಿಯವರೊಬ್ಬರು "ಒಳಗಿನ ಸೆಟ್ಟೇ ಹೋಗಿದೆ, ಹೊಸ ಯಂತ್ರ ತಕೊಳ್ಳುವುದೇ ವಾಸಿ" ಎಂದುಬಿಟ್ಟರು. ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಸಭೆಯ ಒಬ್ಬ ಹುಡುಗಿ ಸಂಜೆ ಬಂದು, ಟಾರ್ಚು ಬಿಟ್ಟು ನೋಡಿ, "ಆಂಟೀ, ಸ್ಟೇಪ್ಲರ್ ಪಿನ್ನು ಕೂತಿದೆ ಅಷ್ಟೆ" ಎಂದು ಚಿಮುಟದಲ್ಲಿ ತೆಗೆದಳು. ಯಂತ್ರ ಇಂದಿಗೂ ಓಡುತ್ತಿದೆ. ದೊಡ್ಡ ಖರ್ಚು ಎಂದಾಗ ಎರಡನೆಯವರಿಗೆ ತೋರಿಸದೆ ಒಪ್ಪಬಾರದು.

ಟೋನರ್ ರೀಫಿಲ್ಲಿಂಗ್ ಮಾಡಿಸುವುದರಲ್ಲಿ ತಪ್ಪಿಲ್ಲ, ಬಹಳ ಉಳಿತಾಯವಿದೆ. ಆದರೆ ಕಣ್ಣೆದುರಿಗೇ ಮಾಡಿಸಿ. ಒಳಗೆ ಸೇರಿದ ಹಳೆಯ ಪುಡಿಯನ್ನು ಖಾಲಿ ಮಾಡಿಸಿಯೇ ಹೊಸದು ಹಾಕಿಸಿ, ಇಲ್ಲವಾದರೆ ಸೋರುತ್ತದೆ. ಕೆಲವು ಸಲ ತುಂಬಿಸಿದ ಮೇಲೆ ಡ್ರಮ್ಮು ಸವೆಯುತ್ತದೆ, ಆಗ ಬದಲಿಸಬೇಕು. ತುಂಬಿಸಿದ ತಾರೀಖನ್ನು ಕಾರ್ಟ್ರಿಜ್ ಮೇಲೆ ಚೀಟಿ ಬರೆದು ಅಂಟಿಸಿ, ಎಷ್ಟು ಪುಟ ಬಂತೆಂದು ನೋಟ್‌ಬುಕ್ಕೇ ಹೇಳುತ್ತದೆ. ಹೊಸ ಯಂತ್ರಕ್ಕೆ ಗ್ಯಾರಂಟಿ ಇರುವಷ್ಟು ದಿನ ಷರತ್ತುಗಳನ್ನು ಓದಿಕೊಂಡೇ ಮುಂದುವರಿಯಿರಿ.

ಕೊನೆಯದಾಗಿ

ಮೂರು ತಿಂಗಳ ನೋಟ್‌ಬುಕ್ಕನ್ನು ನಾವು ಸಮಿತಿಯ ಮುಂದಿಟ್ಟಾಗ ಖಜಾಂಚಿಯವರು ಕನ್ನಡಕ ಏರಿಸಿ ಪುಟ ಪುಟವಾಗಿ ನೋಡಿದರು. "ಇದು ನನಗೆ ಮೊದಲೇ ಸಿಕ್ಕಿದ್ದರೆ ಹಾಳೆ ನಿಲ್ಲಿಸುವ ಮಾತೇ ಎತ್ತುತ್ತಿರಲಿಲ್ಲ" ಎಂದರು. ಒಂದು ವರ್ಷ ಮುಂದುವರಿಸಿ, ಮತ್ತೆ ಲೆಕ್ಕ ನೋಡುವುದೆಂದು ತೀರ್ಮಾನವಾಯಿತು. ಉಳಿದ ಹಣದಲ್ಲಿ ಸಂಡೇ ಸ್ಕೂಲಿನ ಮಕ್ಕಳಿಗೆ ಬಣ್ಣದ ಪೆನ್ಸಿಲ್ಲು ಬಂತು.

ಇದು ಚರ್ಚಿಗೆ ಮಾತ್ರ ಸಲ್ಲುವ ಮಾತಲ್ಲ. ನಿಮ್ಮ ಮಹಿಳಾ ಮಂಡಳಿ, ಸ್ವಸಹಾಯ ಸಂಘ, ಭಜನಾ ಮಂಡಳಿ, ಮಕ್ಕಳ ಶಾಲೆ, ಎಲ್ಲಿ ಪ್ರಿಂಟರ್ ಇದೆಯೋ ಅಲ್ಲೆಲ್ಲ ಈ ಲೆಕ್ಕ ನಡೆಯುತ್ತದೆ. ಖರ್ಚು ಹೆಚ್ಚಾಯಿತೆಂದಾಗ ಮೊದಲು ಕತ್ತರಿ ಬೀಳುವುದು ಸದ್ದಿಲ್ಲದೆ ಹಿಂದಿನ ಬೆಂಚಿನಲ್ಲಿ ಕುಳಿತವರ ಪಾಲಿಗೆ. ಕತ್ತರಿ ಎತ್ತುವ ಮುಂಚೆ ಎಣಿಸೋಣ. ಎಣಿಸಲು ದೊಡ್ಡ ಓದು ಬೇಕಿಲ್ಲ, ಒಂದು ನೋಟ್‌ಬುಕ್ಕು ಮತ್ತು ದಿನಸಿ ಚೀಟಿ ಬರೆದು ಪಳಗಿದ ಕೈ ಸಾಕು. ಅದು ನಮ್ಮೆಲ್ಲರಲ್ಲೂ ಇದೆ, ಅಲ್ಲವೇ ಸೋದರಿಯರೇ?